ವಿಮಾನದಲ್ಲಿ ಬರುವವರು

ಊರಲ್ಲಿ ಆ ಗಂಡ ಹೆಂಡತಿಯನ್ನು ಯಾರೂ ಬೇರೆ ಬೇರೆಯಾಗಿ ಕರೆದದ್ದಿಲ್ಲ. ಕರೆದರೆ ಒಟ್ಟಿಗೇ, ಗಜಣ್ಣ-ಕಾಜಕ್ಕ. ಗಜ ಅಂದರೆ ಆನೆಯಲ್ಲ, ಬಟ್ಟೆ ಅಂಗಡಿಯಲ್ಲಿ ಅಳೆಯುತ್ತಾರಲ್ಲ ಆ ಗಜ. ಮನುಷ್ಯ ಅಷ್ಟು ಉದ್ದ. ಬೀದಿದೀಪ ರಿಪೇರಿಯ ಕೆಲಸ ಅವನದು. “ನಿನಗ್ಯಾಕಯ್ಯಾ ಏಣಿ, ಕೈಯೆತ್ತಿದ್ರೆ ಬಲ್ಬೇ ಸಿಗುತ್ತಲ್ಲ” ಎಂದು ದಾರಿಹೋಕರೆಲ್ಲ ಒಂದು ಮಾತು ಎಸೆದೇ ಮುಂದೆ ಹೋಗುತ್ತಿದ್ದರು. ಹೆಂಡತಿ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವವಳು. ಅಂಗಿಯ ಗುಂಡಿ ತೂರಿಸುವ ಸೀಳಿಗೆ ಸುತ್ತಲೂ ದಾರ ಕಟ್ಟಿ ಬಿಗಿ ಮಾಡುವ ಕೆಲಸ. ಅವಳ ನೆತ್ತಿ ಸರಿಯಾಗಿ ಗಂಡನ ಅಂಗಿಯ ಮೂರನೇ ಗುಂಡಿಗೆ ಬರುತ್ತಿತ್ತು. “ಮೊದಲನೇದು ಕತ್ತಿಗೆ, ಎರಡನೇದು ಎದೆಗೆ, ಮೂರನೇದು ನನ್ನ ಹೆಂಡ್ತಿ” ಎಂದು ಗಜಣ್ಣ ಅಂಗಿ ಹಾಕಿಕೊಳ್ಳುವಾಗೆಲ್ಲ ಎಣಿಸುತ್ತಿದ್ದ. ಕೇಳಿ ಕೇಳಿ ಸಾಕಾಗಿದ್ದರೂ ಅವಳು ಪ್ರತಿಸಲವೂ ನಗುತ್ತಿದ್ದಳು.

ಇಬ್ಬರೂ ಊರಿನ ಹಾಡುಬಳಗದಲ್ಲಿದ್ದರು. ಸಂಜೆ ಕೆಲಸ ಮುಗಿಸಿ ಶಾಲೆಯ ದೊಡ್ಡ ಕೋಣೆಯಲ್ಲಿ ಸೇರಿ ಹಾಡುವ ಮಂದಿ. ಕಲಿಸುವವರು ಒಬ್ಬರು ಮೇಷ್ಟ್ರು. ಬಳಗದಲ್ಲಿ ಎಲ್ಲರ ದನಿಗಿಂತ ಕೆಳಗಿನ ದನಿ ಗಜಣ್ಣನದು, ಬಾವಿಯ ತಳದಲ್ಲಿ ಯಾರೋ ಕೊಡ ಅದ್ದಿದಂತೆ. ಮೇಷ್ಟ್ರು ಅವನಿಗೆಂದೇ ಒಂದು ಹಾಡಿನ ನಡುವೆ ಜಾಗ ಬಿಟ್ಟಿದ್ದರು. ಅಲ್ಲಿ ಉಳಿದವರೆಲ್ಲ ಬಾಯಿ ಮುಚ್ಚಬೇಕು, ಎರಡು ಉಸಿರಿನಷ್ಟು ಹೊತ್ತು ಗಜಣ್ಣನ ದನಿಯೊಂದೇ ನಿಲ್ಲಬೇಕು. ಕೇಳಿದವರ ಮೈ ಜುಮ್ಮೆನ್ನುತ್ತಿತ್ತು.

ಸಮುದ್ರದಾಚೆಯ ಒಂದು ದೇಶದ ಹಾಡುಬಳಗದವರು ಇವರನ್ನು ಕರೆದರು. ಈ ವರ್ಷ ನೀವು ಬನ್ನಿ, ಮುಂದಿನ ವರ್ಷ ನಾವು ಬರುತ್ತೇವೆ, ಹೋಟೆಲು ಗೀಟೆಲು ಬೇಡ, ನಮ್ಮ ನಮ್ಮ ಮನೆಯಲ್ಲೇ ಇರಿ. ಇವರ ಹಾಡಿನ ಒಂದು ಕ್ಯಾಸೆಟ್ಟೂ, ಶಾಲೆಯ ಬಾಗಿಲಲ್ಲಿ ನಿಂತು ತೆಗೆಸಿಕೊಂಡ ಒಂದು ಗುಂಪು ಫೋಟೋವೂ ಅಲ್ಲಿಗೆ ಹೋದವು. ಯಾರು ಯಾರ ಮನೆಗೆ ಎಂದು ಗೊತ್ತಾಯಿತು. ಗಜಣ್ಣ-ಕಾಜಕ್ಕ ಒಬ್ಬ ಬಡಗಿಯ ಮನೆಗೆ. ಮೇಷ್ಟ್ರು ಅಲ್ಲಿನ ಭಾಷೆಯ ಎಂಟು ಮಾತು ಕಲಿಸಿದರು: ಬಾ, ಹೋಗು, ಉಣ್ಣು, ನೋಡು, ನೀರು, ಚೆನ್ನಾಗಿದೆ, ಇಲ್ಲ, ನಾಳೆ. ಗಜಣ್ಣ ಕಂಬದ ಮೇಲೆ ಕೂತು ಅವನ್ನೇ ಕೂಗಿ ಕೂಗಿ ಕಲಿಯುತ್ತಿದ್ದ. ಕೆಳಗೆ ಹೋಗುವವರು, “ಇವನಿಗೆ ಕರೆಂಟು ಹೊಡೀತು” ಎಂದು ನಗುತ್ತಿದ್ದರು.

ಹೊರಡಲು ಇನ್ನೂ ಆರು ತಿಂಗಳಿದ್ದಾಗ ಒಂದು ಬೆಳಿಗ್ಗೆ, ಚಪ್ಪಲಿ ಮೆಟ್ಟಲು ಬಗ್ಗಿದವನು ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತ. ಕೂತವನು ಏಳಲಿಲ್ಲ.

ಕಾಜಕ್ಕ ಹೋಗುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವಳೂ ಹಾಗೇ ತಿಳಿದಿದ್ದಳು. ಅವಳನ್ನು ಎಬ್ಬಿಸಿದವಳು ನಾದಿನಿ, ಗಜಣ್ಣನ ತಂಗಿ. ಬೇಕರಿಯಲ್ಲಿ ಕೆಲಸ, ಬಳಗದಲ್ಲಿ ಅತ್ತಿಗೆಯ ಪಕ್ಕದಲ್ಲೇ ನಿಂತು ಹಾಡುವವಳು.

“ಬನ್ನಿ ಅತ್ತಿಗೆ. ಗೋಡೆ ನೋಡ್ಕೊಂಡು ಎಷ್ಟು ದಿನ ಕೂರ್ತೀರಾ? ಗೋಡೆ ಏನು ಎದ್ದು ಬಂದು ಮಾತಾಡ್ಸುತ್ತಾ?”

“ಜನ ಏನಂತಾರೆ? ಗಂಡ ಹೋದ ಕೂಡ್ಲೆ ಊರು ಸುತ್ತೋಕೆ ಹೊರಟ್ಲು ಅನ್ನಲ್ವಾ?”

“ಅಂತಾರೆ. ಹೋಗದಿದ್ರೂ ಏನಾದ್ರೂ ಅಂತಾರೆ. ಅದಕ್ಕೆ ಬಾಯಿ ಇರೋದು.”

ಬಸ್ಸು, ಆಮೇಲೆ ರೈಲು, ಆಮೇಲೆ ಹಡಗು. ಹಡಗಿನಲ್ಲಿ ದಿನಗಟ್ಟಲೆ ನೀರು ಬಿಟ್ಟರೆ ನೀರು. ಮೇಷ್ಟ್ರು ಕಂಬಿ ಹಿಡಿದುಕೊಂಡು ವಾಂತಿ ಮಾಡುತ್ತಿದ್ದರೆ ಹಿಂದಿನಿಂದ ಯಾರೋ, “ನೋಡ್ರೋ, ವಾಂತೀನೂ ಶ್ರುತಿ ಬಿಡದೆ ಮಾಡ್ತಾರೆ” ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಜಕ್ಕ ನಕ್ಕಳು, ನಕ್ಕು ಪಕ್ಕಕ್ಕೆ ತಿರುಗಿ ತಲೆ ಎತ್ತಿ ನೋಡಿದಳು. ನಗು ಬಂದಾಗೆಲ್ಲ ಪಕ್ಕಕ್ಕೆ ತಿರುಗಿ ಮೇಲೆ ನೋಡುವುದು ಅವಳ ಇಪ್ಪತ್ತು ವರ್ಷದ ಅಭ್ಯಾಸ. ಅಲ್ಲಿ ಮುಖವಿರಲಿಲ್ಲ, ಹಗ್ಗ ಇಳಿಬಿಟ್ಟ ಕಂಬವಿತ್ತು.

ಹಡಗು ಇಳಿದು ಮತ್ತೆ ಬಸ್ಸು. ಕೊನೆಗೆ ಒಂದು ಶಾಲೆಯ ಅಂಗಳ. ಅತಿಥಿಗಳನ್ನು ಕರೆದೊಯ್ಯುವ ಮನೆಯವರೆಲ್ಲ ಅಲ್ಲಿ ಕಾದಿದ್ದರು. ಕಾಜಕ್ಕನ ಮುಂದೆ ಬಂದು ನಿಂತವರು ಗುಂಡಗಿನ ಒಬ್ಬ ಹೆಂಗಸು, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ಒಬ್ಬ ಗಂಡಸು. ಪೆನ್ಸಿಲು ನೋಡಿ ಇವನೇ ಬಡಗಿ ಎಂದು ಗೊತ್ತಾಯಿತು. ಅವಳು ಮನಸ್ಸಿನಲ್ಲೇ ಇಬ್ಬರಿಗೂ ಹೆಸರಿಟ್ಟಳು: ಬಡಗಿಯಣ್ಣ, ಬಡಗಿಯಕ್ಕ.

ಬಡಗಿಯಕ್ಕ ಇವಳನ್ನು ಅಪ್ಪಿಕೊಂಡು, ಆಮೇಲೆ ಇವಳ ಬೆನ್ನ ಹಿಂದೆ ಇಣುಕಿದಳು. ಕೈಯನ್ನು ತನ್ನ ತಲೆಗಿಂತ ಬಹಳ ಮೇಲಕ್ಕೆತ್ತಿ ಹಿಡಿದು ಏನೋ ಕೇಳಿದಳು. ಉದ್ದದವರು ಎಲ್ಲಿ? ಅದು ಅರ್ಥವಾಗಲು ಭಾಷೆ ಬೇಕಿರಲಿಲ್ಲ.

‘ಒಬ್ಬರು ಕಮ್ಮಿ’ ಎಂದು ತಿಳಿಸಿರುವುದಾಗಿ ಮೇಷ್ಟ್ರು ಹೇಳಿದ್ದರು. ಆ ಸುದ್ದಿ ಅಡುಗೆಯವರಿಗೆ ಮುಟ್ಟಿತ್ತೋ ಏನೋ, ಬಡಗಿಯ ಮನೆಗಂತೂ ಮುಟ್ಟಿರಲಿಲ್ಲ. ಕಾಜಕ್ಕನ ಬಳಿ ಇದ್ದದ್ದು ಆ ಎಂಟೇ ಮಾತು. ಸಂತೋಷಕ್ಕೆ ಹೊರಟವರಿಗೆ ಸಾವಿನ ಮಾತು ಯಾರು ಕಲಿಸುತ್ತಾರೆ? ನಮ್ಮಲ್ಲಿ ಹೇಳುವ ಹಾಗೆಯೇ ಹೇಳಿದಳು. ಹೋದರು. ಅವರ ಭಾಷೆಯ ‘ಹೋಗು’ ಎಂಬ ಮಾತನ್ನೇ ಹೇಳಿ, ಬೆರಳನ್ನು ಆಕಾಶಕ್ಕೆ ತೋರಿಸಿದಳು.

ಬಡಗಿಯಣ್ಣ ಆಕಾಶ ನೋಡಿದ. ಹುಬ್ಬು ಮೇಲೇರಿತು. ಎರಡೂ ಕೈಗಳನ್ನು ಅಗಲಿಸಿ ಮೆಲ್ಲಗೆ ಬಾಗಿಸಿ ತೋರಿಸಿದ. ಹಾರಿಕೊಂಡು?

ಕಾಜಕ್ಕನ ಎದೆ ತುಂಬಿ ಬಂತು. ಅಯ್ಯೋ, ಇವರಲ್ಲೂ ಹಾಗೇ ಅನ್ನುತ್ತಾರಲ್ಲ, ಪ್ರಾಣಪಕ್ಷಿ ಹಾರಿಹೋಯಿತು ಎಂದು. ಎಲ್ಲಿ ಹೋದರೂ ಹಕ್ಕಿ ಒಂದೇ. ಹೌದೆಂದು ತಲೆಯಾಡಿಸಿದಳು. ಕಣ್ಣೀರು ತಡೆಯಲಾಗದೆ ಸುರಿಯಿತು. ಪ್ರಯಾಣದ ಆಯಾಸವೆಂದುಕೊಂಡ ಬಡಗಿಯಕ್ಕ ಅವಳ ಚೀಲ ತಾನೇ ಎತ್ತಿಕೊಂಡು, ಬೆನ್ನು ಸವರುತ್ತಾ ಕರೆದೊಯ್ದಳು.

ಮನೆ ಚಿಕ್ಕದು, ತುಂಬ ಮರದ ಹೊಟ್ಟಿನ ವಾಸನೆ. ಮಹಡಿಯ ಕೋಣೆಯ ಬಾಗಿಲು ತೆರೆದು ಬಡಗಿಯಣ್ಣ ಪಕ್ಕಕ್ಕೆ ಸರಿದು ನಿಂತ, ಬಹುಮಾನ ಬಂದ ಹುಡುಗನ ಹಾಗೆ. ಒಳಗೆ ಒಂದು ಜೋಡಿ ಮಂಚ. ಕಾಲ ಕಡೆಗೆ ಹೊಸ ಹಲಗೆಯೊಂದನ್ನು ಜೋಡಿಸಿ ಉದ್ದ ಮಾಡಿದ್ದ. ಮಂಚದ ಮರ ಕಪ್ಪಗೆ, ಹಲಗೆ ಹೊಸ ಬೆಣ್ಣೆಯ ಬಣ್ಣ. ಹಾಸಿಗೆಗೂ ಒಂದು ತುಂಡು ಸೇರಿಸಿ ಹೊಲಿದಿದ್ದರು, ಹೊದಿಕೆಗೂ. ಗೋಡೆಯಲ್ಲಿ ಅದೇ ಗುಂಪು ಫೋಟೋ. ಬಡಗಿಯಣ್ಣ ಫೋಟೋದಲ್ಲಿದ್ದ ಶಾಲೆಯ ಬಾಗಿಲನ್ನು ಮುಟ್ಟಿದ, ತನ್ನ ಮನೆಯ ಬಾಗಿಲನ್ನು ಮುಟ್ಟಿದ, ಮಡಿಸುವ ಅಳತೆಕೋಲು ತೆರೆದು ತೋರಿಸಿದ, ಕೊನೆಗೆ ಗಜಣ್ಣನ ತಲೆಯ ಮೇಲೆ ಬೆರಳಿಟ್ಟ. ಬಾಗಿಲಿನಿಂದ ಲೆಕ್ಕ ಹಾಕಿ ಮನುಷ್ಯನ ಅಳತೆ ತೆಗೆದಿದ್ದ. ಊರಿನ ಮಂಚದಲ್ಲಿ ಗಜಣ್ಣ ಇಪ್ಪತ್ತು ವರ್ಷ ಕಾಲು ಮಡಚಿಕೊಂಡೇ ಮಲಗಿದ್ದ. ಅವನ ಕಾಲು ಚಾಚುವಷ್ಟು ಜಾಗವನ್ನು ಭೂಮಿಯ ಇನ್ನೊಂದು ತುದಿಯಲ್ಲಿ, ಅವನನ್ನು ಫೋಟೋದಲ್ಲಷ್ಟೇ ಕಂಡವನೊಬ್ಬ ಮಾಡಿಟ್ಟಿದ್ದ.

ಇವರಿಗೆ ಈಗ ತಾನೇ ಗೊತ್ತಾಯಿತಲ್ಲ, ಮಂಚ ಮಾತ್ರ ಮೊದಲೇ ಮಾಡಿದ್ದು, ಪಾಪ ಎಂದುಕೊಂಡು ಕಾಜಕ್ಕ ಹಲಗೆಯನ್ನು ಸವರಿದಳು. ಅಂಚಿನಲ್ಲಿ ಒಂದು ಸಿಬಿರೂ ಇರಲಿಲ್ಲ.

ತಿಳಿದದ್ದು ಊಟದ ಮೇಜಿನಲ್ಲಿ. ಕೂತವರು ಮೂವರು, ತಟ್ಟೆ ನಾಲ್ಕು. ನಾಲ್ಕನೆಯ ತಟ್ಟೆಯ ಮುಂದಿನ ಕುರ್ಚಿ ಉಳಿದವುಗಳಿಗಿಂತ ದೊಡ್ಡದು. ಅಷ್ಟರಲ್ಲಿ ಮನೆಯ ಮೇಲೆ ಒಂದು ವಿಮಾನ ಹೋಯಿತು. ಆ ಬೀದಿಯ ಮೇಲೇ ವಿಮಾನಗಳ ದಾರಿ, ಹೋದಾಗೆಲ್ಲ ಲೋಟ ಅದುರುತ್ತಿತ್ತು. ಬಡಗಿಯಣ್ಣ ಸೂರಿನತ್ತ ಬೆರಳು ತೋರಿಸಿದ, ಖಾಲಿ ತಟ್ಟೆಯನ್ನು ತೋರಿಸಿದ, ಕೈ ಎರಡೂ ಅಗಲಿಸಿ ಕಾಜಕ್ಕನನ್ನು ನೋಡಿ ನಕ್ಕ.

ಹಕ್ಕಿಯಲ್ಲ. ವಿಮಾನ. ನೀವೆಲ್ಲ ಹಡಗಿನಲ್ಲಿ ಬಂದಿರಿ, ಅವರು ವಿಮಾನದಲ್ಲಿ ಬರುತ್ತಾರೆ.

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಮರುದಿನ ಇವರ ಬಳಗದವರಷ್ಟೇ ಅಭ್ಯಾಸಕ್ಕೆ ಸೇರಿದಾಗ ಅವಳು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ‘ಸತ್ತರು’ ಅನ್ನುವುದಕ್ಕೆ ಇಲ್ಲಿ ಏನಂತಾರೆ ಎಂದು ಕೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಆ ಮಾತು ನಂಗೂ ಬೇಕಾಗಿರ್ಲಿಲ್ಲ ಕಣಮ್ಮ” ಎಂದು ಹೋಗಿ ಯಾರನ್ನೋ ವಿಚಾರಿಸಿ ಬಂದು ಹೇಳಿಕೊಟ್ಟರು. ಸಣ್ಣ ಮಾತು, ಒಂದೇ ಉಸಿರಿನದು. “ನಾನೇ ಬಂದು ಹೇಳ್ಲಾ?” ಎಂದೂ ಕೇಳಿದರು.

“ಬೇಡಿ ಮೇಷ್ಟ್ರೆ. ನನ್ನ ಗಂಡನ ಸುದ್ದಿ, ನಾನೇ ಹೇಳ್ತೀನಿ.”

ಟೈಲರುಗಳು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಕೆಲಸ ಮಾಡುತ್ತಾರಲ್ಲ, ಆ ಮಾತನ್ನು ಅವಳು ಹಾಗೆ ಕಚ್ಚಿಕೊಂಡು ಮನೆಗೆ ಬಂದಳು. ಬಾಗಿಲಲ್ಲೇ ಹೇಳಿಬಿಡಬೇಕೆಂದಿದ್ದಳು. ಬಾಗಿಲು ತೆರೆದ ಬಡಗಿಯಣ್ಣ ಒಂದು ಟೇಪ್ ರೆಕಾರ್ಡರ್ ಹಿಡಿದು ನಿಂತಿದ್ದ. ಗುಂಡಿ ಒತ್ತಿದ. ಇವರ ಕ್ಯಾಸೆಟ್ಟು. ಎಲ್ಲರ ದನಿ ನಿಂತು, ಆ ಎರಡು ಉಸಿರಿನ ಜಾಗ ಬಂತು. ಗಜಣ್ಣ ಹಾಡಿದ. ಬಡಗಿಯಣ್ಣ ತನ್ನ ಎದೆ ಮುಟ್ಟಿಕೊಂಡು, ಕತ್ತು ಒಳಗೆಳೆದುಕೊಂಡು ಜೊತೆಗೆ ಹಾಡಲು ನೋಡಿದ. ಅವನೂ ಅಲ್ಲಿನ ಬಳಗದ ಕೆಳದನಿಯವನೇ. ಆದರೆ ಗಜಣ್ಣನಷ್ಟು ಕೆಳಗೆ ಇಳಿಯಲು ಅವನಿಂದಾಗದೆ ಕೆಮ್ಮು ಬಂತು. ಬಡಗಿಯಕ್ಕ ಗೇಲಿ ಮಾಡಿ ನಕ್ಕಳು. ಅವನು ಕೆಮ್ಮುತ್ತಲೇ ಕೈ ಅಗಲಿಸಿದ. ಬರಲಿ ಅವನು, ಬಂದ ಮೇಲೆ ಕಲಿಯುತ್ತೇನೆ.

ಸೂಜಿ ತುಟಿಯಲ್ಲೇ ಉಳಿಯಿತು.

ಒಂದು ದಿನ ತಪ್ಪಿದ ಮಾತು ಮಾರನೇ ದಿನ ಇನ್ನೂ ಭಾರ. ಅದರ ಮಾರನೇ ದಿನ, ಅವಳು ತನಗೇ ಒಪ್ಪಿಕೊಳ್ಳಬೇಕಾಗಿ ಬಂತು, ಭಾರ ಅನ್ನಿಸಲೇ ಇಲ್ಲ. ಊರಲ್ಲಿ ಗಜಣ್ಣನ ಬಗ್ಗೆ ಬಾಯಿ ಬಿಟ್ಟವರೆಲ್ಲ ‘ಇದ್ದ’ ಅನ್ನುತ್ತಿದ್ದರು. ಒಳ್ಳೆಯವನಿದ್ದ, ಚೆನ್ನಾಗಿ ಹಾಡುತ್ತಿದ್ದ, ನಗಿಸುತ್ತಿದ್ದ. ಅವನ ಚಪ್ಪಲಿ ಯಾರೋ ಒಯ್ದರು, ಅಂಗಿ ಯಾರೋ ಒಯ್ದರು, ಕೊನೆಗೆ ‘ಇದ್ದಾನೆ’ ಅನ್ನುವ ಮಾತಿಗೂ ಬಾಲ ಕತ್ತರಿಸಿ ‘ಇದ್ದ’ ಮಾಡಿಬಿಟ್ಟರು. ಅವನು ‘ಬರ್ತಾನೆ’ ಅನ್ನುವ ಮನೆ ಭೂಮಿಯ ಮೇಲೆ ಇದೊಂದೇ. ಮೇಷ್ಟ್ರು, “ಹೇಳಿದ್ರೇನಮ್ಮ?” ಎಂದಾಗ, “ಹೇಳ್ದೆ” ಎಂದಳು. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯ.

ಆ ಮನೆಯಲ್ಲಿ ದಿನಗಳು ಹೀಗೆ ಹೋದವು. ಬೆಳಿಗ್ಗೆ ಬಡಗಿಯಕ್ಕನ ಜೊತೆ ತರಕಾರಿ ಹೆಚ್ಚುವುದು. ಅವಳ ಗಂಡನ ಅಂಗಿಗಳಲ್ಲಿ ಬಾಯಿ ಬಿಟ್ಟ ಕಾಜಾಗಳನ್ನೆಲ್ಲ ಹುಡುಕಿ ಹೊಸದಾಗಿ ದಾರ ಕಟ್ಟುವುದು. ಸಂಜೆ ಬಡಗಿಯಣ್ಣನಿಂದ ಪಾಠ. ಅವನು ಚಮಚ ತೋರಿಸಿ ಒಂದು ಮಾತು ಹೇಳುವನು, ಇವಳು ತಪ್ಪಾಗಿ ಹೇಳುವಳು, ಅವನು ಬೆರಳೆತ್ತಿ, ಉಳಿಯಿಂದ ಒಂದು ಎಳೆ ಮಾತ್ರ ಕೆತ್ತುವವನ ಹಾಗೆ, ಆ ಮಾತನ್ನು ನಿಧಾನವಾಗಿ ಸರಿಮಾಡಿ ಹೇಳುವನು. ಇವಳು ಸರಿಯಾಗಿ ಹೇಳುವ ತನಕ ಬಿಡುತ್ತಿರಲಿಲ್ಲ. ನಡುವೆ ವಿಮಾನ ಹೋದರೆ ಪಾಠ ನಿಲ್ಲಿಸಿ ಸೂರು ನೋಡಿ, ಹುಬ್ಬು ಹಾರಿಸುವನು. ಇದರಲ್ಲೋ? ಇವಳು ತಲೆಯಲ್ಲಾಡಿಸುವಳು. ಇದರಲ್ಲಲ್ಲ. ಮಲಗುವಾಗ ಹಲಗೆಯ ಕಡೆ ಕಾಲು ಚಾಚಿ ನೋಡುವಳು. ಎಷ್ಟು ಚಾಚಿದರೂ ಎಟುಕುತ್ತಿರಲಿಲ್ಲ. ಎಟುಕದೆ ಇರುವುದೇ ಹಿತವಾಗಿತ್ತು.

ಹಾಡಿನ ಕಾರ್ಯಕ್ರಮದ ಹಿಂದಿನ ದಿನ ನಾದಿನಿ ಬಂದಳು. ಅವಳಿದ್ದದ್ದು ಎರಡು ಬೀದಿ ಆಚೆ, ಒಬ್ಬ ಬಸ್ ಡ್ರೈವರನ ಮನೆಯಲ್ಲಿ. “ಅವರಿಗೆ ನನ್ನ ಮಾತೇ ತಿಳಿಯಲ್ಲ ಅತ್ತಿಗೆ, ಎಲ್ಲದಕ್ಕೂ ಚಹಾ ಕೊಡ್ತಾರೆ. ಹೊಟ್ಟೆ ಟ್ಯಾಂಕ್ ಆಗಿದೆ” ಎನ್ನುತ್ತಲೇ ಒಳಗೆ ಬಂದಳು. ಬಡಗಿಯಕ್ಕ ಅವಳ ಮುಖ ನೋಡಿ, ಗಜಣ್ಣನದೇ ಮೂಗು ಗುರುತಿಸಿ, ಖುಷಿಯಿಂದ ಕೈ ಹಿಡಿದು ಮಹಡಿಗೆ ಎಳೆದೊಯ್ದಳು. ಕಾಜಕ್ಕ ಕೆಳಗೇ ನಿಂತಳು.

ನಾದಿನಿ ಇಳಿದು ಬಂದವಳೇ ಅತ್ತಿಗೆಯ ರಟ್ಟೆ ಹಿಡಿದು ಬೀದಿಗೆ ನಡೆಸಿದಳು.

“ಆ ಹಲಗೆ ಯಾರಿಗೆ?”

“ನಿಮ್ಮಣ್ಣನಿಗೆ.”

“ಆಯಮ್ಮ ಕೈ ಹಿಂಗೆ ಅಗಲಿಸಿ ತೋರಿಸಿದ್ಲು. ಅಣ್ಣ ವಿಮಾನದಲ್ಲಿ ಬರ್ತಾನೆ ಅಂದ್ಕೊಂಡಿದಾರೆ. ಅಲ್ವಾ?”

“ಹೂಂ.”

“ಮೇಷ್ಟ್ರ ಹತ್ರ ಹೇಳ್ದೆ ಅಂದ್ರಂತಲ್ಲ!”

“ಅಂದೆ.”

“ಥೂ! ನಾಚಿಕೆ ಆಗಲ್ವಾ ಅತ್ತಿಗೆ ನಿಮಗೆ? ಅವರು ದಿನಾ ತಟ್ಟೆ ಇಡೋದು, ನೀವು ದಿನಾ ಅದರ ಮುಂದೆ ಕೂತ್ಕೊಂಡು ಉಣ್ಣೋದು! ಸತ್ತವನನ್ನ ಇಟ್ಕೊಂಡು ನಾಟಕ ಆಡ್ತೀರಾ?”

“ಉಣ್ತೀನಿ ಕಣೆ. ಊರಲ್ಲಿ ಆರು ತಿಂಗಳಿಂದ ಗಂಟಲಲ್ಲಿ ಇಳೀದೆ ಇದ್ದ ಅನ್ನ ಇಲ್ಲಿ ಇಳೀತಿದೆ. ನಿಂಗೆ ಹೇಗೆ ಹೇಳ್ಲಿ ನಾನು?” ಕಾಜಕ್ಕ ಅವಳ ಕೈ ಹಿಡಿದುಕೊಂಡಳು. “ಹೊಸ್ತಿಲ ಮೇಲೆ ಕೂತೋರು ನಂಗೊಂದು ಮಾತು ಹೇಳ್ಲಿಲ್ಲ. ‘ಬರ್ತೀನಿ’ ಅಂತಾನೂ ಅನ್ಲಿಲ್ಲ. ಇವರು ಅಂತಿದಾರೆ. ಬರ್ತಾರೆ ಅಂತಿದಾರೆ. ಕೇಳಿಸ್ಕೊಂಡಿದ್ದು ತಪ್ಪಾ?”

ನಾದಿನಿ ಸಿಟ್ಟಿನಿಂದ ಬೀದಿಯ ತಿರುವಿನ ತನಕ ಹೋದಳು. ಅಲ್ಲಿ ದೀಪದ ಕಂಬಕ್ಕೆ ಕೈಯೂರಿ ಬೆನ್ನು ತೋರಿಸಿ ನಿಂತಳು. ಆಮೇಲೆ ನಿಧಾನವಾಗಿ ವಾಪಸು ಬಂದಳು. ಮುಖ ಎತ್ತದೆ, ಚಿಕ್ಕ ಹುಡುಗಿ ತಿಂಡಿ ಕೇಳುವ ಹಾಗೆ ಕೇಳಿದಳು:

“ಇವತ್ತು ಊಟಕ್ಕೆ ನಾನೂ ಇಲ್ಲೇ ಇರ್ಲಾ? ನಂಗೂ ಅಣ್ಣನೇ ಅಲ್ವಾ.”

ಅವತ್ತು ಐದು ತಟ್ಟೆ. ಮೊದಮೊದಲು ನಾದಿನಿ ದೊಡ್ಡ ಕುರ್ಚಿಯ ಕಡೆ ನೋಡಲೇ ಇಲ್ಲ. ಬಡಗಿಯಕ್ಕ ಎಲ್ಲರಿಗೂ ಬಡಿಸಿ, ಖಾಲಿ ತಟ್ಟೆಯ ಪಕ್ಕದ ಲೋಟಕ್ಕೂ ನೀರು ತುಂಬಿದಳು. ಅಷ್ಟೇ ಸಾಕಾಯಿತು. ನಾದಿನಿ ಚಮಚ ಕೆಳಗಿಟ್ಟು ಆ ಕುರ್ಚಿಯತ್ತ ತಿರುಗಿ ಬೈಯಲು ಶುರುಮಾಡಿದಳು.

“ಏನೋ ನಿಂದು? ಊಟಕ್ಕೂ ಹೊತ್ತಿಗೆ ಸರಿಯಾಗಿ ಬರೋಕಾಗಲ್ವಾ? ಮನೇಲಿ ಹಿಂಗೇ, ಇಲ್ಲೂ ಹಿಂಗೇ. ತಣ್ಣಗಾದ್ಮೇಲೆ ಬಂದು ನನ್ನ ತಟ್ಟೆಗೆ ಕೈ ಹಾಕಿದ್ರೆ ನೋಡು, ಬೆರಳು ಕಚ್ತೀನಿ.”

ಮಾತು ತಿಳಿಯದಿದ್ದರೂ ತಂಗಿ ಅಣ್ಣನನ್ನು ಬೈಯುತ್ತಿದ್ದಾಳೆಂದು ಯಾರಿಗೆ ತಿಳಿಯುವುದಿಲ್ಲ? ಬಡಗಿಯಣ್ಣ ಮೇಜು ಕುಟ್ಟಿ ನಕ್ಕ. ಬಡಗಿಯಕ್ಕನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಾದಿನಿಯ ಕಣ್ಣಲ್ಲೂ ಬಂತು, ಕಾಜಕ್ಕನ ಕಣ್ಣಲ್ಲೂ. ನಾಲ್ವರೂ ಕಣ್ಣೊರೆಸಿಕೊಂಡು ನಕ್ಕರು. ಎಷ್ಟೋ ತಿಂಗಳಲ್ಲಿ ಗಜಣ್ಣನಿಗೆ ಅಷ್ಟು ಒಳ್ಳೆಯ ಬೈಗುಳ ಸಿಕ್ಕಿರಲಿಲ್ಲ.

ನಗು ಇಳಿದ ಮೇಲೆ ಬಡಗಿಯಣ್ಣ ನಾದಿನಿಯತ್ತ ಬಾಗಿ, ಕೈ ಅಗಲಿಸಿ, ಒಂದು ಪ್ರಶ್ನೆ ಕೇಳಿದ. ಯಾವಾಗ?

ಅವಳು ಬಾಯಿ ತೆರೆದಳು. ಅವಳಿಗೂ ಗೊತ್ತಿದ್ದದ್ದು ಅದೇ ಎಂಟು ಮಾತು. ಅದರಲ್ಲಿ ‘ಯಾವಾಗ’ಕ್ಕೆ ಹೊಂದುವುದು ಒಂದೇ.

“ನಾಳೆ” ಎಂದಳು.

ಅಂದ ಮೇಲೆ ಬೆಚ್ಚಿ ಅತ್ತಿಗೆಯನ್ನು ನೋಡಿದಳು. ಕಾಜಕ್ಕ ತಟ್ಟೆ ನೋಡುತ್ತಿದ್ದಳು. ಇಬ್ಬರಲ್ಲಿ ಒಬ್ಬರಾದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾಗಿತ್ತು. ತೆಗೆದುಕೊಳ್ಳಲಿಲ್ಲ.

ಮಾರನೇ ದಿನ ಬೆಳಿಗ್ಗೆಯೇ ಬಳಗದವರೆಲ್ಲ ಸಭಾಂಗಣಕ್ಕೆ ಹೋದರು. ಸಂಜೆ ಪರದೆ ಸರಿದಾಗ ಎರಡು ದೇಶದ ಹಾಡುಗಾರರು ಸಾಲು ಸಾಲಾಗಿ ನಿಂತಿದ್ದರು. ಹಿಂದಿನ ಸಾಲಿನ ಕೊನೆಯಲ್ಲಿ ಇಬ್ಬರು ನಿಲ್ಲುವಷ್ಟು ಜಾಗ ಖಾಲಿ. ಒಂದು ಬಡಗಿಯಣ್ಣನದು. ಇನ್ನೊಂದನ್ನು ಬಡಗಿಯಣ್ಣನೇ ಹೇಳಿ ಬಿಡಿಸಿದ್ದ.

ಕಾಜಕ್ಕ ಸಭೆಯಲ್ಲಿ ಹುಡುಕಿದಳು. ಮುಂದಿನ ಸಾಲಿನಲ್ಲಿ ಬಡಗಿಯಕ್ಕ ಒಬ್ಬಳೇ ಕೂತಿದ್ದಳು, ಒಳ್ಳೆಯ ಬಟ್ಟೆ ಹಾಕಿಕೊಂಡು, ಮುಖವೆಲ್ಲ ನಗುವಾಗಿ. ಕಾಜಕ್ಕನ ಕಣ್ಣಿಗೆ ಕಣ್ಣು ಸೇರಿದ್ದೇ ತಡ, ಎರಡೂ ಕೈ ಅಗಲಿಸಿ ಮೆಲ್ಲಗೆ ಬಾಗಿಸಿ, ಬಾಗಿಲತ್ತ ತೋರಿಸಿದಳು. ಆಮೇಲೆ ಸ್ಟೀರಿಂಗ್ ತಿರುಗಿಸುವಂತೆ ಕೈ ಆಡಿಸಿದಳು. ಕರೆತರಲು ಹೋಗಿದ್ದಾರೆ.

“ಅತ್ತಿಗೆ,” ಪಕ್ಕದಲ್ಲಿ ನಾದಿನಿ ತುಟಿ ಅಲ್ಲಾಡಿಸದೆ ಉಸುರಿದಳು, “ನಾನು ನಾಳೆ ಅಂದ್ಬಿಟ್ಟೆ. ನಂಗೆ ಬೇರೆ ಮಾತೇ ಸಿಗಲಿಲ್ಲ.”

“ನಂಗೆ ಸಿಕ್ಕಿತ್ತು ಕಣೆ. ನಾನು ಹೇಳ್ಲಿಲ್ಲ. ತಪ್ಪು ನಂದು, ನಿಂದಲ್ಲ.”

ಮೇಷ್ಟ್ರು ಕೈಯೆತ್ತಿದರು. ಹಾಡು ಎದ್ದಿತು. ಗಜಣ್ಣ ಹೋದ ಮೇಲೆ ಅವನ ಜಾಗಕ್ಕೆ ಯಾರನ್ನೂ ಹಾಕಲು ಮೇಷ್ಟ್ರಿಗೆ ಮನಸ್ಸು ಬಂದಿರಲಿಲ್ಲ. “ಅಲ್ಲಿ ಸುಮ್ಮನೆ ನಿಂತ್ಕೊಳ್ಳಿ. ಎರಡು ಉಸಿರು ಬಿಟ್ಟು ಮುಂದಿಂದು ಹಿಡೀರಿ” ಎಂದಿದ್ದರು. ಆ ಜಾಗ ಬಂತು. ಎಲ್ಲರೂ ಬಾಯಿ ಮುಚ್ಚಿದರು. ಅಷ್ಟು ದೊಡ್ಡ ಸಭಾಂಗಣದಲ್ಲಿ ಉಸಿರಿನ ಸದ್ದಿಲ್ಲ. ಕ್ಯಾಸೆಟ್ಟನ್ನು ಸಾವಿರ ಸಲ ಕೇಳಿದ್ದ ಬಡಗಿಯಕ್ಕನಿಗೆ ಇಲ್ಲಿ ಯಾರ ದನಿ ಬರಬೇಕೆಂದು ಗೊತ್ತಿತ್ತು. ಅವಳು ಕುರ್ಚಿಯಲ್ಲಿ ಪೂರ್ತಿ ತಿರುಗಿ ಬಾಗಿಲು ನೋಡಿದಳು. ಈಗ ಬರುತ್ತಾನೆ, ಬಾಗಿಲು ತಳ್ಳಿ ಹಾಡುತ್ತಲೇ ಬರುತ್ತಾನೆ ಎಂಬಂತೆ. ಕಾಜಕ್ಕನೂ ಬಾಗಿಲನ್ನೇ ನೋಡಿದಳು. ಎಲ್ಲ ತಿಳಿದವಳು ಅವಳು, ಹೊಸ್ತಿಲ ಮೇಲೆ ತಣ್ಣಗಾಗಿದ್ದ ಕೈಯನ್ನು ತಾನೇ ಎದೆಯ ಮೇಲೆ ಮಡಚಿಟ್ಟವಳು. ಆದರೂ ನೋಡಿದಳು.

ಬಾಗಿಲು ಅಲ್ಲಾಡಲಿಲ್ಲ. ಉಳಿದವರು ಮುಂದಿನದನ್ನು ಹಿಡಿದರು. ಅವಳಿನ್ನೂ ಬಾಗಿಲನ್ನೇ ನೋಡುತ್ತಿದ್ದಳು.

ಅವಳೂ ನಾದಿನಿಯೂ ಬಡಗಿಯಕ್ಕನ ಜೊತೆ ಮನೆಗೆ ಬಂದು ಬಹಳ ಹೊತ್ತಾದ ಮೇಲೆ ಹೊರಗೆ ಗಾಡಿ ನಿಂತ ಸದ್ದಾಯಿತು. ಬಡಗಿಯಕ್ಕ ಆಗಲೇ ತಟ್ಟೆಗಳನ್ನು ಜೋಡಿಸಿ ಇಟ್ಟಿದ್ದಳು. ಬಡಗಿಯಣ್ಣ ಒಬ್ಬನೇ ಒಳಗೆ ಬಂದ. ಕೈಯಲ್ಲಿ ಒಂದು ತೆಳು ಹಲಗೆ. ವಿಮಾನ ಇಳಿದವರಿಗೆ ಹೆಸರು ಬರೆದು ಎತ್ತಿ ತೋರಿಸುತ್ತಾರಂತೆ. ಇವನಿಗೆ ಇವರ ಅಕ್ಷರ ಬಾರದು. ಅದಕ್ಕೆ ಪೆನ್ಸಿಲಿನಲ್ಲಿ ಒಬ್ಬ ಉದ್ದದ ಗಂಡಸು, ಪಕ್ಕದಲ್ಲಿ ಒಬ್ಬ ಗಿಡ್ಡ ಹೆಂಗಸನ್ನು ಬರೆದಿದ್ದ. ಗಂಡಸಿನ ತಲೆ ಹಲಗೆಯ ಅಂಚಿಗೆ ತಾಗಿತ್ತು. ಹೆಂಗಸಿನ ತಲೆ ಅವನ ಮೂರನೇ ಗುಂಡಿಗೆ.

ಅವನು ಟೋಪಿ ತೆಗೆದು, ಕಾಜಕ್ಕನ ಮುಂದೆ ತಲೆ ತಗ್ಗಿಸಿ ನಿಂತ. ಇವಳಿಗೆ ಗೊತ್ತಿರುವ ಮಾತುಗಳನ್ನೇ ಹುಡುಕಿ ಒಂದೊಂದಾಗಿ ಹೇಳಿದ. ಹೋದೆ. ನೋಡಿದೆ. ನೋಡಿದೆ. ಇಲ್ಲ. ಕಣ್ಣು ಕೆಂಪಾಗಿತ್ತು. ಬೆಳಗಿನಿಂದ ಅಲ್ಲಿ ನಿಂತೇ ಕಾದಿದ್ದ. ತಾನೇ ಸರಿಯಾಗಿ ನೋಡದೆ ಅತಿಥಿಯನ್ನು ಕಳೆದುಕೊಂಡೆನೇನೋ ಎಂಬಂತೆ ಅವಳ ಮುಖ ನೋಡಿ, ಕೊನೆಯ ಮಾತು ಕೇಳಿದ.

“ನಾಳೆ?”

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಕಾಜಕ್ಕ ಅಷ್ಟು ದಿನ ತುಟಿಯಲ್ಲಿ ಕಚ್ಚಿಕೊಂಡಿದ್ದನ್ನು ಹೊರಗೆ ತೆಗೆದಳು. ಸಣ್ಣ ಮಾತು, ಒಂದೇ ಉಸಿರಿನದು. ಹೇಳಿದಳು. ಅಭ್ಯಾಸವಿಲ್ಲದ ನಾಲಗೆ, ತಪ್ಪಾಗಿ ಬಂತು.

ಬಡಗಿಯಣ್ಣನ ಬೆರಳು ತಾನಾಗಿ ಮೇಲೆದ್ದಿತು. ದಿನವೂ ಮಾಡುವ ಹಾಗೆಯೇ, ದಣಿವಿನಲ್ಲೂ ತಾಳ್ಮೆಯಿಂದ, ಆ ಮಾತನ್ನು ನಿಧಾನವಾಗಿ ಸರಿಮಾಡಿ ಹೇಳಿಕೊಟ್ಟ. ಕಾಜಕ್ಕ ಪಾಠ ಒಪ್ಪಿಸುವವಳಂತೆ ಅವನ ಬಾಯಿ ನೋಡುತ್ತಾ ಇನ್ನೊಮ್ಮೆ ಹೇಳಿದಳು. ಈ ಸಲ ಸರಿಯಾಗಿ ಬಂತು. ಭೇಷ್ ಎಂದು ಅವನ ತಲೆ ಅರ್ಧ ಆಡಿತು.

ಅರ್ಧಕ್ಕೇ ನಿಂತಿತು.

ಎತ್ತಿದ ಬೆರಳು ಗಾಳಿಯಲ್ಲಿ ಹಾಗೇ ಇತ್ತು. ಅವನು ತನ್ನ ಬೆರಳನ್ನೇ ನೋಡಿದ, ಆ ಮಾತು ಹೇಳಿದ್ದು ಅದೇ ಎಂಬಂತೆ. ಹೆಂಡತಿಯನ್ನು ನೋಡಿದ. ಬಡಗಿಯಕ್ಕ ದೊಡ್ಡ ಕುರ್ಚಿಯ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು. ಅ‍ದು ಚೊಕ್ಕಟವಾಗಿಯೇ ಇತ್ತು, ಆದರೂ ಬಟ್ಟೆಯಿಂದ ಒರೆಸಿದಳು. ಒರೆಸಿ, ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿ, ಮತ್ತೆ ಅದೇ ಜಾಗದಲ್ಲಿಟ್ಟಳು.

ಬಡಗಿಯಣ್ಣ ಮಹಡಿ ಹತ್ತಿದ. ಕೋಪ ಬಂತು, ಹಲಗೆ ಕಿತ್ತು ಹಾಕಲು ಹೋದ ಎಂದುಕೊಂಡಳು ಕಾಜಕ್ಕ. ಕಿತ್ತುಹಾಕಲಿ, ಬರಬೇಕಾದ ಕೋಪವೇ. ಬೈಸಿಕೊಳ್ಳಲೆಂದೇ ಅವಳು ಹಿಂದೆಯೇ ಹತ್ತಿದಳು. ಅವನು ಮಂಚದ ಕಾಲ ಬಳಿ ಮೊಣಕಾಲೂರಿ ಕೂತಿದ್ದ. ಹಲಗೆಯ ಮೇಲೆ ಅಂಗೈ ಇಟ್ಟುಕೊಂಡು ಫೋಟೋ ನೋಡುತ್ತಿದ್ದ. ಅವಳನ್ನು ಕಂಡು ಹಲಗೆಯನ್ನೊಮ್ಮೆ ತಟ್ಟಿದ, ಗಜಣ್ಣನ ತಲೆಯನ್ನು ತೋರಿಸಿದ, ಮತ್ತೆ ಹಲಗೆಯ ತುದಿಯನ್ನು ತೋರಿಸಿದ.

ಸಾಕಾಗುತ್ತಿತ್ತೇ?

ಅವಳು ಮಂಚವನ್ನು ತಲೆಯಿಂದ ಕಾಲಿನ ತನಕ ಕಣ್ಣಲ್ಲೇ ಅಳೆದಳು. ಇಪ್ಪತ್ತು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಅಳತೆಕೋಲು ಬೇಕೇ? ಗಜಣ್ಣನ ಹಿಮ್ಮಡಿ ಸರಿಯಾಗಿ ಹೊಸ ಹಲಗೆಯ ನಡುವಿಗೆ ಬರುತ್ತಿತ್ತು. ಬಂದಿದ್ದರೆ ಇಲ್ಲಿ ಒಂದು ದಿನವೂ ಕಾಲು ಮಡಚದೆ ಮಲಗುತ್ತಿದ್ದ.

“ಚೆನ್ನಾಗಿದೆ” ಎಂದಳು, ಅವರ ಮಾತಿನಲ್ಲಿ.

ಆ ಮಾತಿನಲ್ಲಿ ತಿದ್ದಲು ಏನೂ ಇರಲಿಲ್ಲ. ಬಡಗಿಯಣ್ಣ ಹಲಗೆಯ ಮೇಲೆ ಹಣೆಯಿಟ್ಟು, ಎಂದೂ ಭೇಟಿಯಾಗದ ಗೆಳೆಯನಿಗಾಗಿ ದೊಡ್ಡ ದನಿಯಲ್ಲಿ ಅತ್ತ. ಗಜಣ್ಣ ಸತ್ತ ದಿನ ಊರೆಲ್ಲ ಅತ್ತಿತ್ತು, ಕಾಜಕ್ಕ ಮಾತ್ರ ಕಲ್ಲಿನಂತೆ ಕೂತಿದ್ದಳು. ಈಗ ಅವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಎದೆ ಬಡಿದುಕೊಂಡು ಅತ್ತಳು. ಬಾಗಿಲಲ್ಲಿ ಬಡಗಿಯಕ್ಕ ನಾದಿನಿಯನ್ನು ತಬ್ಬಿಕೊಂಡು ನಿಂತಿದ್ದಳು.

ಬೆಳಿಗ್ಗೆ ಮತ್ತೆ ಅದೇ ಶಾಲೆಯ ಅಂಗಳ. ಅಲ್ಲಲ್ಲಿ ಅಪ್ಪಿಕೊಳ್ಳುವವರು, ಅಳುವವರು, ಮುಂದಿನ ವರ್ಷ ಬನ್ನಿ ಎಂದು ಕೂಗುವವರು. ಬಡಗಿಯಣ್ಣ ಹಾಕಿಕೊಂಡಿದ್ದ ಅಂಗಿಯ ಕಾಜಾಗಳೆಲ್ಲ ಕಾಜಕ್ಕ ಕಟ್ಟಿದವು. ಅವಳು ಅವನ ಮುಂದೆ ನಿಂತು, ಬಿಚ್ಚಿಕೊಂಡಿದ್ದ ಒಂದು ಗುಂಡಿಯನ್ನು ತಾನೇ ಹಾಕಿದಳು. ಅದು ಎಷ್ಟನೆಯದೆಂದು ಎಣಿಸಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ನಾದಿನಿ ಅವಳ ತೋಳಿಗೆ ಒರಗಿದಳು.

ಬಸ್ಸು ಅಲುಗಿದಾಗ ಮೇಲೆ ಒಂದು ವಿಮಾನ ಹಾಯಿತು. ಅಭ್ಯಾಸ ಎಲ್ಲಿ ಬಿಡುತ್ತದೆ? ಬಡಗಿಯಣ್ಣ ತಲೆಯೆತ್ತಿ ನೋಡಿದ. ನೋಡಿದ ಮೇಲೆ ನೆನಪಾಗಿ, ತಪ್ಪು ಮಾಡಿದವನ ಹಾಗೆ ಕಾಜಕ್ಕನ ಕಿಟಕಿಯತ್ತ ತಿರುಗಿದ.

ಅವಳು ಅವನನ್ನು ನೋಡಲಿಲ್ಲ. ಅವಳೂ ಮೇಲೆಯೇ ನೋಡುತ್ತಿದ್ದಳು.